ಎಡಮೂಲೆಯ ಕೂಗು

ಉಮರ್ಗಾದಲ್ಲಿ ಆ ವಿಡಿಯೊ ನೋಡದವರು ಈಗ ಕಡಿಮೆ. ಉದಗೀರದ ಮೈದಾನದ ಕಟ್ಟೆಯ ಮೇಲೆ ನಿಂತು ಯಾರೋ ಫೋನಿನಲ್ಲಿ ತೆಗೆದದ್ದು. ನಮ್ಮ ಹುಡುಗಿಯರ ಕಬಡ್ಡಿ ತಂಡ ಆಡಿದ ಸೆಮಿಫೈನಲ್‌ನ ಕೊನೆಯ ಭಾಗ. ಉದಗೀರದ ಎತ್ತರದ ಹುಡುಗಿ ರೇಡಿಗೆ ಬರುತ್ತಾಳೆ. ನಮ್ಮ ಎಡಮೂಲೆಯ ಹುಡುಗಿ ಅವಳ ಕಣಕಾಲು ಹಿಡಿಯುತ್ತಾಳೆ. ಪಕ್ಕದಲ್ಲಿ ನಿಂತ ನನ್ನ ತಂಗಿಯ ಮಗಳು ಮುಂದೆ ಬಂದು ಅಡ್ಡ ನಿಲ್ಲುವ ಬದಲು ಒಂದು ಹೆಜ್ಜೆ ಬದಿಗೆ ಸರಿಯುತ್ತಾಳೆ. ವಿಡಿಯೊದಲ್ಲಿ ಸದ್ದು ಇದೆ, ಆದರೆ ಅದು ಜನರ ಕೇಕೆ ಮತ್ತು ಮೈಕಿನ ಸದ್ದು. ಅಂಕಣದೊಳಗೆ ಯಾರು ಏನು ಕೂಗಿದರು ಎಂಬುದು ಕೇಳುವುದಿಲ್ಲ.

ನನಗೆ ಕೇಳಿಸಿತ್ತು. ನಾನು ಎಡಮೂಲೆಯ ಹಿಂದೆ, ಕೊನೆಯ ಗೆರೆಯಿಂದ ತುಸು ದೂರ, ನೀರಿನ ಕ್ಯಾನಿನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದೆ. ಕೇಳಿಸಿದ್ದನ್ನು ಹೇಳಲು ಹೋದರೆ ಜನ ಫೋನ್ ತೆಗೆದು ಮುಖದ ಮುಂದೆ ಹಿಡಿಯುತ್ತಾರೆ. "ನೀವೇ ನೋಡ್ರಿ ಅಕ್ಕೋರೆ, ಸರದಾಳಿಲ್ಲೋ?" ಸರಿದಿದ್ದಾಳೆ. ಇಲ್ಲ ಎಂದು ನಾನು ಎಂದೂ ಹೇಳಿಲ್ಲ. ಯಾಕೆ ಸರಿದಳು ಎಂದು ಕೇಳುವ ತಾಳ್ಮೆ ಯಾರಿಗೂ ಇಲ್ಲ. ಸಿಟ್ಟಿನಲ್ಲಿ ಬರೆದರೆ ಮಾತು ಅತ್ತಿತ್ತ ಆದೀತು ಎಂದು ಇಷ್ಟು ದಿನ ಸುಮ್ಮನಿದ್ದೆ. ಸಿಟ್ಟು ಇಳಿಯಲಿಲ್ಲ. ಹಾಗಾಗಿ ಸಿಟ್ಟಿನಲ್ಲೇ, ಆದರೆ ನಿಧಾನವಾಗಿ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಮೊದಲು ಆ ಒಂದು ಶಬ್ದದ ಬಗ್ಗೆ ಹೇಳಬೇಕು.

ನಮ್ಮ ಮನೆ ಅಡತ್ ಅಂಗಡಿಗಳ, ಅಂದರೆ ಕಾಳಿನ ದಲ್ಲಾಳಿ ಅಂಗಡಿಗಳ, ಹಿಂದಿನ ಓಣಿಯಲ್ಲಿದೆ. ಗಂಡನ ಕಾಳಿನ ಅಂಗಡಿ ಮುಂದೆ, ಮನೆ ಹಿಂದೆ. ಉಮರ್ಗಾ ಮಹಾರಾಷ್ಟ್ರದ ಅಂಚಿನ ಊರು, ನನ್ನ ತವರು ಗಡಿಯ ಆಚೆ, ಆಳಂದದ ಕಡೆ. ತಂಗಿಯನ್ನು ಕೊಟ್ಟದ್ದೂ ಗಡಿಯ ಆಚೆಯ ಊರಿಗೇ. ಅಲ್ಲಿ ಶಾಲೆ ದೂರವಾದ್ದರಿಂದ ಅವಳ ಮಗಳು ಚಿಕ್ಕಂದಿನಿಂದ ನಮ್ಮಲ್ಲೇ ಬೆಳೆದಳು. ನನಗೆ ದೊಡ್ಡವ್ವ ಎನ್ನುತ್ತಾಳೆ. ಮರಾಠಿ ಶಾಲೆಯಲ್ಲಿ ಓದಿ ಈಗ ಕಾಲೇಜಿಗೆ ಬಂದಿದ್ದಾಳೆ. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಇದನ್ನು ಅವಳು ಎಂದೂ ಭಾರ ಎಂದುಕೊಂಡಿಲ್ಲ, ಈ ಊರಲ್ಲಿ ಯಾರೂ ಎಂದುಕೊಳ್ಳುವುದಿಲ್ಲ.

ಎಡಮೂಲೆಯ ಹುಡುಗಿ ಹತ್ತಿರದ ಮುರುಮ ಎಂಬ ಊರಿನವಳು. ತಂದೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾರೆ. ಮನೆಮಾತು ಮರಾಠಿ. ಗಿಡ್ಡ, ಅಗಲ ಭುಜ, ಹಿಡಿದರೆ ಬಿಡದ ಕೈ. ಪ್ರ್ಯಾಕ್ಟೀಸ್ ಮುಗಿದು ಬಸ್ಸು ತಪ್ಪಿದ ದಿನ ನಮ್ಮ ಮನೆಯಲ್ಲಿ ಉಳಿಯುತ್ತಾಳೆ. ನಮ್ಮ ಹಿತ್ತಲಿಗೆ ಒಂದು ಹಳೆಯ ಕದ ಇದೆ. ಅದನ್ನು ತೆರೆದಿಟ್ಟರೆ ಓಣಿಯ ಆಡುಗಳು ಒಳಗೆ ಬಂದು ಜೋಳದ ಚೀಲಕ್ಕೆ ಬಾಯಿ ಹಾಕುತ್ತವೆ. ನನ್ನ ಅತ್ತೆ ಕೂತಲ್ಲಿಂದಲೇ ಕೂಗುತ್ತಿರುತ್ತಾರೆ, "ಕದಾ ಹಾಕ್ರೇ, ಆಡ ಬಂದಾವ." ಆ ಹುಡುಗಿ ಕಲಿತ ಮೊದಲ ಕನ್ನಡ ಮಾತು ಅದು. ಎರಡನೆಯದು ಯಾವುದೂ ಇಲ್ಲ.

ಒಂದು ಸಂಜೆ ಇಬ್ಬರೂ ಹಿತ್ತಲಲ್ಲಿ ಹಿಡಿತದ ಅಭ್ಯಾಸ ಮಾಡುತ್ತಿದ್ದರು. ಒಂದು ಹೋತ ಒಳಗೆ ನುಗ್ಗಿ, ಜೋಳ ತಿಂದು, ಹೊರಗೆ ಓಡತೊಡಗಿತು. ಮುರುಮದ ಹುಡುಗಿ ಹಾರಿ ಅದರ ಹಿಂಗಾಲು ಹಿಡಿದಳು. ಹೋತ ಅವಳನ್ನು ಮಣ್ಣಿನಲ್ಲಿ ಎಳೆದುಕೊಂಡೇ ಹೊರಟಿತು. ಅವಳು "ಕದ" ಎಂದು ಚೀರಿದಳು. ನಮ್ಮವಳು ಓಡಿ ಬಂದು ಕದಕ್ಕೂ ಹೋತಕ್ಕೂ ನಡುವೆ ಎದೆ ಕೊಟ್ಟು ನಿಂತಳು. ಹೋತ ನಿಂತಿತು. ಅತ್ತೆ ನಕ್ಕು ನಕ್ಕು ಕೆಮ್ಮಿದರು. "ಹೋತಕ್ಕ ಔಟ್ ಮಾಡ್ಯಾವ ನೋಡ್ ಹುಡುಗ್ಯಾರು" ಎಂದರು.

ಮರುದಿನ ಮೈದಾನದಲ್ಲಿ ಎಡಮೂಲೆಯವಳು ರೇಡರ್‌ನ ಕಾಲು ಹಿಡಿದಾಗ ಬಾಯಿಂದ ಅದೇ ಶಬ್ದ ಬಂತು. ನಮ್ಮವಳು ಅದೇ ರೀತಿ ಎದೆ ಕೊಟ್ಟಳು. ಅಂದಿನಿಂದ ಅದು ಅವರ ಕೂಗಾಯಿತು. ಅದರ ಅರ್ಥ ಇಷ್ಟೇ: ಕಾಲು ನನ್ನ ಕೈಯಲ್ಲಿದೆ, ನಡುಗೆರೆಯ ಕಡೆಗಿನ ದಾರಿ ನೀನು ಮುಚ್ಚು. ಕಬಡ್ಡಿಯಲ್ಲಿ ಮೂಲೆಯವಳು ಒಬ್ಬಳೇ ಕಾಲು ಹಿಡಿದರೆ ಸಾಲದು. ಬಲವಿರುವ ರೇಡರ್ ಅವಳನ್ನು ಎಳೆದುಕೊಂಡೇ ಹೋಗಿ, ಮುಂದಕ್ಕೆ ಬಿದ್ದು, ಬೆರಳ ತುದಿಯಿಂದ ಗೆರೆ ಮುಟ್ಟಿದರೂ ಹಿಡಿದವರು ಔಟು. ಪಕ್ಕದವಳು, ಆಟದಲ್ಲಿ ಕವರ್ ಎನ್ನುತ್ತಾರೆ, ಕಣ್ಣು ಮಿಟುಕಿಸುವುದರೊಳಗೆ ಎದುರು ಬಂದು ನಿಲ್ಲಬೇಕು. ನೋಡಿ, ಯೋಚಿಸಿ ಬಂದರೆ ತಡವಾಗುತ್ತದೆ. ಕಿವಿಗೆ ಬಿದ್ದ ಕೂಡಲೇ ಮೈ ಹೋಗಬೇಕು. ಆ ಒಂದು ಶಬ್ದಕ್ಕೆ ನಮ್ಮವಳ ಮೈ ಹಾಗೆ ಹೋಗುತ್ತಿತ್ತು.

ಆ ಶಬ್ದದ ಮೇಲೆ ನಾವು ನಿಲಂಗಾದಲ್ಲಿ ಕ್ವಾರ್ಟರ್‌ಫೈನಲ್ ಗೆದ್ದೆವು. ಅಲ್ಲಿಯ ರೇಡರ್‌ಗಳು ಎಡಮೂಲೆಯ ಕಡೆ ಬರುವುದನ್ನೇ ಬಿಟ್ಟರು. ಗೆದ್ದವರ ಮೇಲೆ ಸೋತವರು ಒಂದೆರಡು ಮಾತು ಎಸೆಯುವುದು ಎಲ್ಲ ಕಡೆ ಇದ್ದದ್ದೇ. ಬೇಲಿಯ ಆಚೆ ನಿಂತ ಹುಡುಗರು, "ಕದ್ ಕದ್ ಕದ್, ಕೋಂಬಡೀ ಆಲೀ ಬಘ", ಕೋಳಿ ಬಂತು ನೋಡು, ಎಂದು ಕೋಳಿಯ ಹಾಗೆ ತೋಳು ಬಡಿದರು. ಒಬ್ಬ, ಇವರು ಕರ್ನಾಟಕದ ತಂಡವೇ ಎಂದು ಮರಾಠಿಯಲ್ಲಿ ಕೇಳಿದ. ನಮ್ಮ ಹುಡುಗಿಯರು ನಕ್ಕುಬಿಟ್ಟರು. ಮುರುಮದವಳು ಅವರ ಕಡೆ ತಿರುಗಿ ಬೇಕೆಂದೇ ಇನ್ನೊಂದು ಸಲ "ಕದ" ಎಂದಳು.

ನಗದವರು ಒಬ್ಬರೇ, ನಮ್ಮ ತಂಡದ ಮ್ಯಾನೇಜರ್.

ಅವರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಹಣೆಗೆ ಮೂರು ಬೆರಳ ವಿಭೂತಿ, ಇಸ್ತ್ರಿಯ ಬಿಳಿ ಅಂಗಿ. ತಂಡಕ್ಕೆ ಜೆರ್ಸಿ ಕೊಟ್ಟವರು, ಗಾಡಿ ಮಾಡಿಕೊಟ್ಟವರು, ಅದಕ್ಕೇ ಮ್ಯಾನೇಜರ್. ಅವರ ತಾಯಿ ನನ್ನ ತವರಿನ ಕಡೆಯವರು. ಆ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತು ನಾನು ಕೇಳಿಲ್ಲ. ಅಂಗಡಿಯ ಗಲ್ಲಾದಲ್ಲಿ ಕೂತರೆ ಮಾತ್ರ ಅವರ ಬಾಯಲ್ಲಿ ಕನ್ನಡ ಬರುವುದಿಲ್ಲ. ನಾನು ಕನ್ನಡದಲ್ಲಿ ಸೀರೆ ಕೇಳಿದರೂ ಮರಾಠಿಯಲ್ಲಿ ಉತ್ತರ ಕೊಡುತ್ತಾರೆ. ವ್ಯಾಪಾರಸ್ಥರ ರೀತಿ ಎಂದು ನಾನು ಅದಕ್ಕೆ ತಲೆ ಕೆಡಿಸಿಕೊಂಡವಳಲ್ಲ. ಈಗ ನೆನಪಾಗುತ್ತದೆ, ಆ ದಿನ ನಿಲಂಗಾದಲ್ಲಿ ಕೋಳಿಯ ಕೂಗು ಎದ್ದಾಗ ಅವರ ಕುತ್ತಿಗೆ ಕೆಂಪಾಗಿತ್ತು.

ಸೆಮಿಫೈನಲ್ ಉದಗೀರದಲ್ಲಿ, ಉದಗೀರದ ತಂಡದ ಮೇಲೆ. ಹೋಗುವ ದಿನ ಗಾಡಿಯಲ್ಲಿ ನಾನು ಪಿ.ಟಿ. ಸರ್ ಪಕ್ಕ ಕೂತೆ. ಇನ್ನೂ ಹರೆಯದವರು, ಹುಡುಗಿಯರಿಗೆ ಆಟ ಹೇಳಿಕೊಟ್ಟವರು ಅವರೇ. ಮನೆಮಾತು ಮರಾಠಿಯಾದರೂ ನನ್ನ ಜೊತೆ ಹಟಕ್ಕೆ ಕನ್ನಡ ಮಾತಾಡುತ್ತಾರೆ. ನಾನು ಆಡಿದವಳಲ್ಲ, ನೋಡಿದವಳು. ಆದರೆ ಉದಗೀರದ ತಂಡದ ಆಟ ಹಿಂದೆ ನೋಡಿದ್ದೆ, ವಿಡಿಯೊ ತರಿಸಿಕೊಂಡು ಮತ್ತೆ ಮತ್ತೆ ನೋಡಿದ್ದೆ. ರಾತ್ರಿ ರೊಟ್ಟಿ ಬಡಿಯುವಾಗಲೂ ತಲೆಯಲ್ಲಿ ಯಾರಿಗೆ ಯಾರು ಎಂಬ ಜೋಡಿಗಳೇ ಓಡುತ್ತಿದ್ದವು.

ಲೆಕ್ಕ ಹೀಗಿತ್ತು. ಅವರ ಹಿಡಿಯುವವರು ಭಾರದ ಹುಡುಗಿಯರು, ತೊಡೆಗೇ ಕೈ ಹಾಕುತ್ತಾರೆ. ನಮ್ಮ ಮುಖ್ಯ ರೇಡರ್ ಸಪೂರ, ಒಂದು ಸಲ ಸಿಕ್ಕರೆ ಮುಗಿಯಿತು. ಅವಳು ಬೋನಸ್ ಗೆರೆ ದಾಟಿ ಕಾಲಿಟ್ಟು ಓಡಿ ಬರಬೇಕೇ ಹೊರತು ಒಳಗೆ ಹೋಗಿ ಕೆಣಕಬಾರದು. ಅಂದರೆ ರೇಡಿನಲ್ಲಿ ನಮಗೆ ಹೆಚ್ಚಿನ ಅಂಕ ಬರುವುದಿಲ್ಲ. ಅವರ ಎರಡನೆಯ ರೇಡರ್ ಚುರುಕು, ಆದರೆ ಹಗುರ. ನಮ್ಮ ಬಲಗಡೆಯವರು ಅವಳನ್ನು ಹೆಗಲು ಕೊಟ್ಟು ಹೊರಗೆ ನೂಕಬಲ್ಲರು. ಉಳಿದದ್ದು ಆ ಎತ್ತರದವಳು. ಕಾಲು ಉದ್ದ. ನಮ್ಮ ಎಡಮೂಲೆಯ ಕಡೆ ಬಂದು, ಮೈ ತಿರುಗಿಸಿ, ಹಿಂದಕ್ಕೆ ಒದೆಯುತ್ತಾಳೆ. ಒದ್ದ ಕಾಲನ್ನು ಹಿಂದೆ ಎಳೆದುಕೊಳ್ಳುವುದು ಮಾತ್ರ ತುಸು ತಡ. ಆ ತಡದಲ್ಲಿ ನಮ್ಮ ಮುರುಮದವಳ ಕೈ ಕೆಲಸ ಮಾಡಬೇಕು. ಆದರೆ ಎತ್ತರದವಳು ಮುಂದಕ್ಕೆ ಬಿದ್ದರೆ ಅರ್ಧ ಅಂಕಣವೇ ಅವಳ ತೋಳಿಗೆ ಸಿಗುತ್ತದೆ. ಎದುರಿಗೆ ಎದೆ ಕೊಡದೆ ನಿಲ್ಲುವವಳಲ್ಲ.

"ಸರ್, ಆಟ ಎಲ್ಲಾ ಆ ಎಡಮೂಲ್ಯಾಗ ಅದ" ಎಂದೆ. "ಆಕಿಗಿ ಅಲ್ಲಿ ಹಿಡದ್ರ ನಾವು ಫೈನಲ್‌ಗೆ. ಇಲ್ಲಂದ್ರ ಸಂಜಿಗಿ ಮನಿಗಿ."

"ಮಾವಶಿ, ನಿಮಗ ಸಿಲೆಕ್ಟರ್ ಮಾಡಬೇಕಿತ್ತು ನೋಡ್ರಿ" ಎಂದರು ಸರ್. ಮಾವಶಿ ಎಂದರೆ ಚಿಕ್ಕಮ್ಮ, ಮರಾಠಿಯವರು ನನ್ನ ವಯಸ್ಸಿನ ಯಾವ ಹೆಂಗಸನ್ನೂ ಹಾಗೇ ಕರೆಯುತ್ತಾರೆ.

"ಸಿಲೆಕ್ಟರ್ ಆದ್ರ ನಿಮಗ ರೊಟ್ಟಿ ಯಾರ್ ತರ್ತಾರ? ಸುಮ್ನ ಕೇಳ್ರಿ. ಆ ಎರಡೂ ಹುಡುಗ್ಯಾರಿಗಿ ನಡುವ ಬದಲಿ ಮಾಡಬ್ಯಾಡ್ರಿ. ಹ್ಯಾಂಗ್ ಅದಾರ ಹಂಗೇ ಬಿಡ್ರಿ."

"ಬದಲಿ ಯಾಕ ಮಾಡ್ತೀನಿ? ಜಿಲ್ಲಾ ಟೀಮಿನವರು ಬರ್ಲತ್ತಾರ ಇವತ್ತ. ಆ ಜೋಡಿಗೇ ನೋಡ್ಲಿಕ್ಕಿ ಬರ್ಲತ್ತಾರ."

ಅದು ನನಗೂ ಗೊತ್ತಿತ್ತು, ಹುಡುಗಿಯರಿಗೂ ಗೊತ್ತಿತ್ತು. ಗೆದ್ದರೆ ಇಬ್ಬರೂ ಜಿಲ್ಲಾ ತಂಡಕ್ಕೆ ಹೋಗುವ ಮಾತು. ಹಿಂದಿನ ಸೀಟಿನಲ್ಲಿ ಇಬ್ಬರೂ ಒಂದೇ ಇಯರ್‌ಫೋನಿನ ಎರಡು ತುದಿ ಕಿವಿಗೆ ಇಟ್ಟುಕೊಂಡು ಕೂತಿದ್ದರು.

ನಿಲಂಗಾ ದಾಟಿದ ಮೇಲೆ ಚಹಾಕ್ಕೆ ಗಾಡಿ ನಿಂತಿತು. ಅಲ್ಲಿ ಮ್ಯಾನೇಜರ್ ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡು ಮರಾಠಿಯಲ್ಲಿ ಹೇಳಿದರು: ಇಂದು ದೊಡ್ಡ ಜನ ಬರುತ್ತಾರೆ. ಆ ಕೋಳಿಯ ಕೂಗು ಬೇಡ. ಮರಾಠಿಯಲ್ಲಿ ಕೂಗಿ. ಕದ ಅಂದರೆ ದಾರ, ಅಲ್ಲವೇ? ದಾರ ಅನ್ನಿ.

ಮರಾಠಿಯಲ್ಲಿ ಬಾಗಿಲಿಗೆ ದಾರ ಎನ್ನುತ್ತಾರೆ. ಅರ್ಥ ಅದೇ. ಮುರುಮದ ಹುಡುಗಿಗೆ ಅದು ಹುಟ್ಟಿದ ಮನೆಯ ಮಾತು. ಅವಳು ಭುಜ ಕುಣಿಸಿ ಆಯಿತು ಎಂದಳು. ನಮ್ಮವಳು ಏನೋ ಹೇಳಲು ಬಾಯಿ ತೆರೆದು ಸರ್ ಮುಖ ನೋಡಿದಳು. ಸರ್ ಚಹಾದ ಲೋಟ ನೋಡಿದರು. ಜೆರ್ಸಿ ಯಾರದು, ಗಾಡಿ ಯಾರದು ಎಂಬುದು ಆ ಲೋಟದಲ್ಲಿ ಬರೆದಿತ್ತೋ ಏನೋ.

ನಾನು ಮ್ಯಾನೇಜರ್ ಹತ್ತಿರ ಹೋದೆ. "ಅಣ್ಣಾರ, ಇವತ್ತೊಂದಿನ ಇರ್ಲಿ ಬಿಡ್ರಿ. ಮ್ಯಾಚ್ ಮುಗದ ಮ್ಯಾಲ ಬೇಕಾದ್ದು ಕಲಸ್ರಿ."

ಅವರು ಅಕ್ಕಪಕ್ಕ ನೋಡಿದರು. ಚಹಾದ ಅಂಗಡಿಯವನ ಹೊರತು ಯಾರೂ ಇರಲಿಲ್ಲ. ಆಗ ದನಿ ತಗ್ಗಿಸಿ ಕನ್ನಡದಲ್ಲಿ ಹೇಳಿದರು, "ಅಕ್ಕೋರೆ, ಉದಗೀರದಾಗ ಹೋಗಿ ಹಂಗ ಒದರಿದ್ರ ನಮ್ಮ ಮರ್ಯಾದಿ ಏನ್ ಉಳೀತದ? ಮತ್ತ ಉದಗೀರದವ್ರಿಗೂ ಕನ್ನಡ ತಿಳೀತದ. ಆ ರೇಡರ್ ಹುಡುಗಿ ಮನ್ಯಾಗ ಕನ್ನಡಾನೇ ಮಾತಾಡ್ತಾರಂತ. ಆಕಿಗಿ ಗೊತ್ತಾಗ್ತದ."

ಎರಡನೆಯ ಮಾತಿಗೆ ಉತ್ತರ ಇತ್ತು, ಕೊಟ್ಟೆ. "ಗೊತ್ತಾಗ್ಲಿ. ಕಾಲ್ ಹಿಡದ ಮ್ಯಾಲ ಒದರ್ತಾಳ. ಹಿಡದಾಳ ಅಂತ ಆಕಿಗಿ ತನ್ನ ಕಾಲೇ ಹೇಳ್ತದ." ಉಳಿದದ್ದು ಮರ್ಯಾದೆಯ ಮಾತು. ತನ್ನ ತಾಯಿ ಆಡುವ ಮಾತಿನಿಂದ ಮರ್ಯಾದೆ ಹೋಗುತ್ತದೆ ಎನ್ನುವವರಿಗೆ ಏನು ಹೇಳುವುದು? ಅವರು ಆಗಲೇ ಗಾಡಿಯ ಕಡೆ ನಡೆದಿದ್ದರು.

ಆಗ ನಾನೂ ಆ ಹೊಸ ಶಬ್ದದೊಳಗೆ ಏನು ಅಡಗಿದೆ ಎಂದು ಕಂಡಿರಲಿಲ್ಲ. ಕೂಗು ಹೊಸದು, ಅರ್ಧ ಕ್ಷಣ ತಡವಾದೀತು ಎಂಬುದಷ್ಟೇ ನನ್ನ ಚಿಂತೆಯಾಗಿತ್ತು.

ಉದಗೀರದ ಮೈದಾನ ಕೋಟೆಯ ಕಡೆ ಇದೆ. ಮಣ್ಣಿನ ಅಂಕಣ, ಚೆನ್ನಾಗಿ ನೀರು ಹಾಕಿ ತಟ್ಟಿದ್ದರು. ಜನ ಕಿಕ್ಕಿರಿದಿದ್ದರು. ನನ್ನ ಹಿಂದೆ ಕೂತ ಹೆಂಗಸರು ಉದಗೀರದವರೇ, ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದರು. ಒಬ್ಬಾಕೆ ನನ್ನ ಹೆಗಲು ತಟ್ಟಿ, "ಯಾರ್ ಕಡಿಯವ್ರಿ ನೀವು?" ಎಂದರು. ಉಮರ್ಗಾ ಎಂದೆ. "ಹಂಗಾದ್ರ ಇವತ್ತ ಅಳ್ತೀರಿ" ಎಂದು ನಕ್ಕು ಶೇಂಗಾ ಕೊಟ್ಟರು. ಮರ್ಯಾದೆ ಹೋಗಬೇಕಿದ್ದ ಊರಿನ ಜನ ಇವರು.

ಮೊದಲ ಅರ್ಧ ನಾನು ಎಣಿಸಿದ ಹಾಗೇ ನಡೆಯಿತು. ನಮ್ಮ ಸಪೂರ ಹುಡುಗಿ ಬೋನಸ್ ತಂದಳು. ಅವರ ಚುರುಕು ಹುಡುಗಿಯನ್ನು ಬಲಗಡೆಯವರು ಹೊರಗೆ ನೂಕಿದರು. ಎತ್ತರದವಳು ಎಡಮೂಲೆಗೆ ಬಂದು ಒದ್ದಾಗ ಮುರುಮದವಳು ಕಾಲು ಹಿಡಿದು "ದಾರ" ಎಂದಳು. ನಮ್ಮವಳು ಹೋದಳು, ಹಿಡಿದರು, ಅಂಕ ಬಂತು. ಆದರೆ ಹೋದದ್ದು ಕಿವಿಯಿಂದಲ್ಲ, ಕಣ್ಣಿನಿಂದ. ತಿರುಗಿ ನೋಡಿ ಹೋದಳು. ಇನ್ನೊಂದು ಸಲ ತಿರುಗಿ ನೋಡುವುದರೊಳಗೆ ಎತ್ತರದವಳು ಕಾಲು ಕಿತ್ತುಕೊಂಡು ಗೆರೆ ದಾಟಿದಳು. ವಿರಾಮದಲ್ಲಿ ನಾನು ನೀರು ಕೊಡುವ ನೆಪದಲ್ಲಿ ಒಳಗೆ ಹೋಗಿ ಮ್ಯಾನೇಜರ್‌ಗೆ ಹೇಳಿದೆ, "ಆಕಿ ತಿರುಗಿ ನೋಡ್ಲತ್ತಾಳ. ಹಳೇ ಶಬ್ದ ಕೊಡ್ರಿ."

ಸುತ್ತ ಜನ ಇದ್ದರು. ಜಿಲ್ಲಾ ತಂಡದವರೂ ಇದ್ದರು. ಅವರು ನನ್ನ ಕಡೆ ನೋಡದೆ, ಹಲ್ಲು ಕಚ್ಚಿ, "ಮಾವಶಿ, ಮರಾಠೀತ ಬೋಲಾ" ಎಂದರು. ನಮ್ಮ ಊರಿನವರು, ನನಗೆ ಅಕ್ಕೋರೆ ಎನ್ನುವವರು, ಆ ಹೊತ್ತಿಗೆ ಅಪರಿಚಿತಳ ಹಾಗೆ ಮಾವಶಿ ಎಂದರು. ನಾನು ಮರಾಠಿಯಲ್ಲೇ ಅದನ್ನು ಮತ್ತೆ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಅಂದರೆ ಅದು ಭಾಷೆಯ ಮಾತೂ ಆಗಿರಲಿಲ್ಲ.

ಕೊನೆಯ ರೇಡುಗಳ ಹೊತ್ತಿಗೆ ನಾವು ಒಂದೇ ಅಂಕ ಮುಂದಿದ್ದೆವು. ಎತ್ತರದವಳು ಬಂದಳು. ಈ ಒಂದು ಹಿಡಿತ ಸಿಕ್ಕರೆ ಆಟ ನಮ್ಮದು. ಮೈಕಿನವನು ಒದರುತ್ತಿದ್ದ, ಕಟ್ಟೆಯ ಮೇಲಿನವರು ಡಬ್ಬ ಬಡಿಯುತ್ತಿದ್ದರು. ಅವಳು ಎರಡು ಸಲ ನಡುವೆ ಓಡಾಡಿ, ಎಡಮೂಲೆಗೆ ಬಂದು, ಮೈ ತಿರುಗಿಸಿ ಒದ್ದಳು. ಕಾಲು ಹಿಂದೆ ಹೋಗುವುದು ತಡವಾಯಿತು. ಮುರುಮದವಳ ಎರಡೂ ಕೈ ಕಣಕಾಲಿಗೆ ಬಿದ್ದವು. ಅದೇ ಹೊತ್ತಿಗೆ ನಮ್ಮ ನಡುವಿನ ಹುಡುಗಿ ಸಹಾಯಕ್ಕೆಂದು ನಮ್ಮವಳ ಬೆನ್ನ ಹಿಂದಿನಿಂದ ಓಡಿ ಬಂದಳು. ಮುರುಮದವಳು ಕೂಗಿದಳು. ಮೈಯೆಲ್ಲ ಎಳೆತಕ್ಕೆ ಸಿಕ್ಕಿದ್ದರಿಂದ ಕೂಗು ಉದ್ದವಾಯಿತು, ತುದಿಯಲ್ಲಿ ಎಳೆಯಿತು. ಅವಳು ದಾರ ಎಂದೇ ಕೂಗಿದಳು. ನನಗೆ, ಅವಳ ಹಿಂದೆ ನೆಲದ ಮೇಲೆ ಕೂತಿದ್ದ ನನಗೆ, ಕೇಳಿಸಿದ್ದು ದಾರಿ.

ನನ್ನ ಹಿಂದೆ ಶೇಂಗಾ ತಿನ್ನುತ್ತಿದ್ದ ಹೆಂಗಸು ನನ್ನ ಪಕ್ಕಕ್ಕೆ ಚಾಚಿದ್ದ ಕಾಲನ್ನು ಕೂತಲ್ಲೇ ಮಡಚಿಕೊಂಡರು, ಯಾರಿಗೋ ದಾರಿ ಬಿಡುವವರ ಹಾಗೆ. ಇದನ್ನು ನಾನು ಕಂಡಿದ್ದೇನೆ.

ನಮ್ಮ ಓಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಆಳಂದದ ಕಡೆಯ ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ಓಡಾಡುತ್ತಾರೆ. ಬಗ್ಗಿ ನಡೆಯುವವರಿಗೆ ಮುಂದೆ ಯಾರಿದ್ದಾರೆ ಕಾಣುವುದಿಲ್ಲ. "ದಾರೀ, ದಾರೀ" ಎನ್ನುತ್ತಾ ಬರುತ್ತಾರೆ. ಕೇಳಿದವರು ಸರಿಯಬೇಕು, ಇಲ್ಲದಿದ್ದರೆ ಚೀಲ ಮೈಮೇಲೆ ಬೀಳುತ್ತದೆ. ಆ ಓಣಿಯಲ್ಲಿ ನಡೆಯಲು ಕಲಿತ ಮಗು ಮೊದಲು ಕಲಿಯುವುದು ಅದನ್ನೇ. ಹಿಂದಿನಿಂದ ಓಡುವ ಹೆಜ್ಜೆ, ಕಿವಿಗೆ ದಾರಿ ಎಂಬ ಕೂಗು: ನಮ್ಮವಳ ಮೈ ಚಿಕ್ಕಂದಿನ ಅಭ್ಯಾಸದ ಹಾಗೆ ಬದಿಗೆ ಸರಿಯಿತು. ಅವಳು ಸರಿಯಲಿಲ್ಲ, ಮೈ ಸರಿಯಿತು.

ಎತ್ತರದವಳ ಮುಂದೆ ಬಯಲು. ಅವಳು ಎಲ್ಲ ಭಾರ ಹಾಕಿ ಮುಂದಕ್ಕೆ ಬಿದ್ದಳು. ಮುರುಮದವಳು ಕೈ ಬಿಡಲಿಲ್ಲ. ಬಿಟ್ಟಿದ್ದರೆ ಅವಳ ಮೊಣಕಾಲು ಉಳಿಯುತ್ತಿತ್ತು. ಮೇಲಿನ ಮೈ ಗೆರೆಯ ಕಡೆ ಹೋಯಿತು, ಕಾಲು ಇದ್ದಲ್ಲೇ ಉಳಿಯಿತು, ಅವರಿಬ್ಬರ ಮೇಲೆ ನಡುವಿನ ಹುಡುಗಿ ಬಿದ್ದಳು. ಆ ಸದ್ದನ್ನು ನಾನು ಬರೆಯುವುದಿಲ್ಲ. ಎತ್ತರದವಳ ಬೆರಳು ಗೆರೆ ಮುಟ್ಟಿತ್ತು. ಹಿಡಿದವಳೂ ಬಿದ್ದವಳೂ ಔಟು. ಆಟ ಅವರದಾಯಿತು.

ನಾನು ಒಳಗೆ ಓಡಿದೆ. ಮುರುಮದವಳ ಬಾಯಲ್ಲಿ ಮಣ್ಣಿತ್ತು. ಅವಳು ಮೊಣಕಾಲು ನೋಡಿಕೊಳ್ಳಲಿಲ್ಲ, ನಮ್ಮವಳ ಮುಖ ನೋಡಿದಳು. "ದಾರ ಮ್ಹಟಲಂ ನಾ ಮೀ" ಎಂದಳು, ನಾನು ದಾರ ಎಂದೆನಲ್ಲಾ ಎಂದು. ನಮ್ಮವಳು ಎಂದೂ ಅವಳ ಜೊತೆ ಕನ್ನಡ ಆಡಿದವಳಲ್ಲ. ಆಗ ಮಾತ್ರ ಕನ್ನಡದಲ್ಲಿ ಅಂದಳು, "ದಾರಿ ಅಂದಿ ನೀ. ದಾರಿ ಅಂದಿ." ನಮ್ಮವಳ ಆ ಮಾತು ಅವಳಿಗೆ ತಿಳಿಯಲಿಲ್ಲ. ಇಬ್ಬರೂ ಹೇಳಿದ್ದು ನಿಜ. ಎತ್ತರದ ಹುಡುಗಿ ಗೆದ್ದ ಕುಣಿತ ಬಿಟ್ಟು ಬಂದು, ಮುರುಮದವಳ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ನನಗೆ ಕನ್ನಡದಲ್ಲಿ ಹೇಳಿದಳು, "ಕಾಲಿಗಿ ಯಾರೂ ಹಚ್ಚಬ್ಯಾಡ್ರಿ ಕೈ. ಡಾಕ್ಟರ್ ಬರ್ಲತ್ತಾರ." ಉಮರ್ಗಾದ ಮ್ಯಾನೇಜರ್ ಆ ಕನ್ನಡವನ್ನು ಎರಡು ಮಾರು ದೂರದಲ್ಲಿ ನಿಂತು ಕೇಳಿದರು.

ಮುರುಮದವಳನ್ನು ಆಸ್ಪತ್ರೆಗೆ ಕಳಿಸಿ, ಸರ್ ಅವಳ ಜೊತೆ ಹೋದರು. ಉಳಿದವರು ಗಾಡಿ ಹತ್ತಿದೆವು. ಮ್ಯಾನೇಜರ್ ಮುಂದಿನ ಸೀಟಿನಲ್ಲಿ ಕೂತು ಫೋನಿನಲ್ಲಿ ಯಾರಿಗೋ ಮರಾಠಿಯಲ್ಲಿ ಹೇಳುವುದು ಎಲ್ಲರಿಗೂ ಕೇಳುವಂತಿತ್ತು. ಹುಡುಗಿಗೆ ಮರಾಠಿ ಸರಿಯಾಗಿ ತಿಳಿಯುವುದಿಲ್ಲ, ಮನೆಯಲ್ಲಿ ಬೇರೆ ಮಾತು, ಕೂಗು ಅರ್ಥವಾಗಲಿಲ್ಲ, ಏನು ಮಾಡುವುದು. ಆ ಹುಡುಗಿ ಅವರ ಹಿಂದಿನ ಸೀಟಿನಲ್ಲೇ ಇದ್ದಳು. ಮರಾಠಿಯಲ್ಲಿ ಪರೀಕ್ಷೆ ಬರೆದು ಕಾಲೇಜಿಗೆ ಬಂದವಳು. ಅವಳು ಕಿಟಕಿಯ ಸರಳಿಗೆ ಹಣೆ ಒತ್ತಿ ಕೂತಿದ್ದಳು. ಗಾಡಿ ಕುಣಿದಾಗಲೆಲ್ಲ ಹಣೆ ಸರಳಿಗೆ ಬಡಿಯುತ್ತಿತ್ತು, ತೆಗೆಯಲಿಲ್ಲ.

ನಾನು ಎದ್ದು ನಿಂತು ಹೇಳಿದೆ, ಮರಾಠಿಯಲ್ಲಿ, ಎಲ್ಲರಿಗೂ ಕೇಳುವಂತೆ: ಶಬ್ದ ಬದಲಿಸಿದವರು ಯಾರು ಎಂಬುದನ್ನೂ ಫೋನಿನಲ್ಲಿ ಹೇಳಿ. ಅವರು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, "ತುಮೀ ಬಸಾ, ಮಾವಶಿ" ಎಂದರು. ಕೂಡಲು ಹೇಳಿದರು. ನಾನು ಉಮರ್ಗಾದ ತನಕ ನಿಂತೇ ಬಂದೆ.

ಆ ವಾರದಲ್ಲೇ ವಿಡಿಯೊ ಎಲ್ಲರ ಫೋನಿಗೆ ಬಂತು. ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ನಮ್ಮವಳನ್ನು ಕಂಡರೆ ಮಹಾರಾಜರಿಗೆ ಬಿಡುವ ಹಾಗೆ ಬಗ್ಗಿ, ಕೈ ಚಾಚಿ, ದಾರಿ ಬಿಡತೊಡಗಿದರು. ಅವಳು ಬೇರೆ ಓಣಿಯಿಂದ ಕಾಲೇಜಿಗೆ ಹೋಗತೊಡಗಿದಳು. ಮೈದಾನಕ್ಕೆ ಹೋಗುವುದನ್ನು ಬಿಟ್ಟಳು. ಸರ್ ಹೇಳಿ ಕಳಿಸಿದರು, ಕೆಲವು ದಿನ ಅವಳು ಕೂತಿರಲಿ ಎಂದು ಮ್ಯಾನೇಜರ್ ಅಭಿಪ್ರಾಯ ಎಂದು. ಜಿಲ್ಲಾ ತಂಡದವರಿಗೂ ಅದೇ ಅಭಿಪ್ರಾಯ ಮುಟ್ಟಿರಬೇಕು, ಅಲ್ಲಿಂದ ಮಾತೇ ಬರಲಿಲ್ಲ. ಬೂಟು ಮಾಡಿನ ಕೆಳಗೆ ಮಣ್ಣು ಹತ್ತಿದ ಹಾಗೇ ಬಿದ್ದಿದ್ದವು. ನಾನು ಅವನ್ನು ತೊಳೆಯಲು ಹೋದರೆ, "ಇರ್ಲಿ ಬಿಡ ದೊಡ್ಡವ್ವ" ಎಂದಳು.

ಮುರುಮಕ್ಕೆ ಇಬ್ಬರೂ ಹೋದೆವು. ಅವಳ ಕಾಲಿಗೆ ಉದ್ದದ ಪಟ್ಟಿ ಕಟ್ಟಿದ್ದರು. ಆಪರೇಷನ್ ಬೇಕೋ ಬೇಡವೋ ಎಂದು ಡಾಕ್ಟರು ಇನ್ನೂ ಹೇಳಿರಲಿಲ್ಲ. ಮಂಚದ ತುದಿಗೆ ಜಾಗ ಮಾಡಿ ನಮ್ಮವಳನ್ನು ಕೂರಿಸಿಕೊಂಡಳು. ಆಮೇಲೆ ನಮ್ಮವಳು ಮರಾಠಿಯಲ್ಲಿ, ನಿಧಾನವಾಗಿ, ಹಮಾಲರ ಕೂಗಿನ ಬಗ್ಗೆ ಹೇಳಿದಳು. ಮುರುಮದವಳು ಕಣ್ಣು ಅಗಲಿಸಿ ಕೇಳಿದಳು. "ದಾರಿ" ಎಂದು ಒಮ್ಮೆ ತಾನೇ ಅಂದು ನೋಡಿದಳು, "ದಾರ" ಎಂದು ಅಂದು ನೋಡಿದಳು. ಮತ್ತೆ ಎರಡನ್ನೂ ಕೂಗಿದ ಹಾಗೆ ಎಳೆದು ಅಂದಳು.  ಅಂದು ಸಂಜೆಯೇ ಸರ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳಂತೆ. ಸರ್ ಅದನ್ನು ಮ್ಯಾನೇಜರ್‌ಗೆ ಮುಟ್ಟಿಸಿದರಂತೆ.

ಮುಟ್ಟಿಸಿದ್ದು ನಿಜ. ಎರಡು ದಿನ ಬಿಟ್ಟು ಮಧ್ಯಾಹ್ನ ಮ್ಯಾನೇಜರ್ ನಮ್ಮ ಮನೆಗೆ ಬಂದರು. ಒಳಗೆ ಬಂದವರೇ ಓಣಿಯ ಕಡೆಯ ಕದವನ್ನು ತಾವೇ ಮುಚ್ಚಿ, ಚಿಲಕ ಹಾಕಿ, ಆಮೇಲೆ ಕೂತರು. ಆಮೇಲೆಯೇ ಕನ್ನಡ ಬಂತು.

"ಅಕ್ಕೋರೆ, ತಪ್ಪು ನಂದೇ ಅದ. ನಿಮ್ಮ ಮುಂದ ಹೇಳ್ಲತ್ತೀನಿ."

"ನನ್ನ ಮುಂದ ಯಾಕ ಹೇಳ್ತೀರಿ? ನನಗ ಮೊದಲೇ ಗೊತ್ತದ."

"ಹುಡುಗಿಗಿ ಆಡ್ಲಿಕ್ಕಿ ಕಳಸ್ರಿ. ನಾ ಏನೂ ಅನ್ನಂಗಿಲ್ಲ."

"ಅನ್ನಂಗಿಲ್ಲಂದ್ರ ಸಾಲಂಗಿಲ್ಲ. ಅನಬೇಕು. ಆ ಶಬ್ದ ನಾ ಬದಲಿ ಮಾಡಿಸಿದೆ, ಹುಡುಗಿದು ತಪ್ಪಿಲ್ಲ ಅಂತ ಗ್ರೌಂಡಿನಾಗ ಎಲ್ಲಾರ ಮುಂದ ಅನಬೇಕು."

ಅವರು ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. "ಯಾಕ ಬದಲಿ ಮಾಡಿಸಿದಿ ಅಂತ ಕೇಳ್ತಾರಲ್ರೀ."

"ಕೇಳ್ಲಿ. ಹೇಳ್ರಿ. ಮರಾಠಿದಾಗೇ ಹೇಳ್ರಿ, ನಿಮಗ ಛಲೋ ಬರ್ತದ."

ಒಳಗಿನ ಕೋಣೆಯಲ್ಲಿ ನನ್ನ ಅತ್ತೆ ಕೆಮ್ಮಿದರು. ಅದು ಕೆಮ್ಮು ಅಲ್ಲ, ನನಗೆ ಗೊತ್ತು. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಮ್ಮವಳು ನಿಂತಿದ್ದಳು. ಅವರಿಗೂ ಅವಳ ಪಾದ ಕಾಣುತ್ತಿತ್ತು. ಆ ಪಾದವನ್ನೇ ನೋಡುತ್ತಾ ಕರ್ಚೀಫು ಮಡಚಿದರು. ಅನ್ನುತ್ತಾರೆ ಎಂದು ನನಗೆ ಒಂದು ಗಳಿಗೆ ಅನ್ನಿಸಿತು. ಆಮೇಲೆ ಎದ್ದರು. "ನೋಡಮ್ ರೀ" ಎಂದರು.

ನಾನು ಚಿಲಕ ತೆಗೆದು ಕದವನ್ನು ಪೂರ್ತಿ ತೆರೆದೆ. ಅವರು ಹೊಸ್ತಿಲು ದಾಟಿ ಓಣಿಗೆ ಕಾಲಿಟ್ಟು, ನನ್ನ ಕಡೆ ತಿರುಗಿ, ಓಣಿಯವರಿಗೆ ಕೇಳುವಂತೆ ಮರಾಠಿಯಲ್ಲಿ, ಚಹಾ ಬೇಡ, ಗಡಿಬಿಡಿ ಇದೆ ಎಂದು ಹೇಳತೊಡಗಿದರು. ನಾನು ಚಹಾ ಕೇಳಿರಲೇ ಇಲ್ಲ. ಅಷ್ಟರಲ್ಲಿ ಅವರ ಬೆನ್ನ ಹಿಂದಿನಿಂದ ಒಬ್ಬ ಹಮಾಲ ತೊಗರಿಯ ಚೀಲ ಹೊತ್ತು ಬಗ್ಗಿ ಬರುತ್ತಿದ್ದ. "ದಾರೀ" ಎಂದ.

ಮ್ಯಾನೇಜರ್ ತಿರುಗಿ ನೋಡಲಿಲ್ಲ. ಮಾತು ಅರ್ಧಕ್ಕೆ ಬಿಟ್ಟು, ಒಂದು ಹೆಜ್ಜೆ ಬದಿಗೆ ಸರಿದು, ಬಿಳಿ ಅಂಗಿಯ ಬೆನ್ನು ನಮ್ಮ ಗೋಡೆಗೆ ಹತ್ತಿಸಿ ನಿಂತರು. ಹಮಾಲ ದಾಟಿ ಹೋದ.

"ಸರದ್ರಿ ನೋಡ್ರಿ ಅಣ್ಣಾರ" ಎಂದೆ.

ಅವರು ನನ್ನನ್ನು ನೋಡಿದರು, ತಾವು ನಿಂತ ಜಾಗ ನೋಡಿಕೊಂಡರು. ಬೆನ್ನಿಗೆ ಸುಣ್ಣ ಹತ್ತಿತ್ತು. ಯಾವ ಭಾಷೆಯಲ್ಲೂ ಏನೂ ಹೇಳದೆ ಹೋದರು. ಇದನ್ನು ಬರೆಯುವ ತನಕ ಮೈದಾನದಲ್ಲಿ ಅವರು ಏನೂ ಹೇಳಿಲ್ಲ. ಹೇಳುತ್ತಾರೆಂದು ನಾನು ಕಾಯುತ್ತಲೂ ಇಲ್ಲ.

ನಾನು ಒಳಗೆ ಬಂದಾಗ ನಮ್ಮವಳು ಮಾಡಿನ ಕೆಳಗೆ ಕುಕ್ಕರಗಾಲಲ್ಲಿ ಕೂತು, ಬೂಟುಗಳನ್ನು ಒಂದಕ್ಕೊಂದು ಬಡಿದು ಉದಗೀರದ ಮಣ್ಣು ಉದುರಿಸುತ್ತಿದ್ದಳು.

"ಗ್ರೌಂಡಿನಾಗ ಅಂತಾನೇನು ದೊಡ್ಡವ್ವ?"

"ಇಲ್ಲ."

"ಗೊತ್ತಿತ್ತು ನನಗ." ಲೇಸು ಬಿಚ್ಚಿ ಮತ್ತೆ ಪೋಣಿಸತೊಡಗಿದಳು. "ಆಕಿ ಫೋನ್ ಮಾಡಿದ್ದಳು, ಮುರುಮದಾಕಿ. ತನ್ನ ಕಾಲ್ ನೆಟ್ಟಗಾಗೂ ತನಕಾ ಮೂಲ್ಯಾಗ ನೀನೇ ನಿಂದ್ರು ಅಂತಾಳ. ಸರ್‌ಗೂ ಹೇಳ್ಯಾಳಂತ."

"ನೀ ಕವರ್ ಅಲ್ಲೇನು? ಮೂಲಿ ನಿನಗ ರೂಢಿ ಇಲ್ಲ."

"ರೂಢಿ ಆಗ್ತದ. ಕವರಿನಾಗ ನಿಂತ್ರ ಇನ್ನೊಬ್ಬರು ಒದರಿದ್ದು ಕೇಳಬೇಕಾಗ್ತದ. ಮೂಲ್ಯಾಗ ನಿಂತ್ರ ಒದರೂದು ನನ್ನ ಕೆಲಸ."

ಬೂಟು ಹಾಕಿಕೊಂಡು, ನಾನು ತೆರೆದಿಟ್ಟ ಕದದಿಂದಲೇ, ಬಸ್ ಸ್ಟ್ಯಾಂಡಿನ ಕಡೆಯ ಓಣಿ ಹಿಡಿದು ಮೈದಾನಕ್ಕೆ ಹೋದಳು. ಏನೆಂದು ಒದರುತ್ತಿ ಎಂದು ನಾನು ಕೇಳಲಿಲ್ಲ.